ಅಧ್ಯಕ್ಷೆ ಮಾಡಿದ್ದೇನು?

ಮಾತಾಡುತ್ತಿರುವವರು ಇಬ್ಬರು. ಒಬ್ಬರು ಗುಂಡ್ಲುಪೇಟೆ ಸೀಮೆಯವರು, ಗ್ರಾಮ ಪಂಚಾಯಿತಿ ಸದಸ್ಯೆಯಾಗಿ, ಆಮೇಲೆ ಅಧ್ಯಕ್ಷೆಯಾಗಿ ದುಡಿದವರು. ಇನ್ನೊಬ್ಬಳು ಅವರ ಅಣ್ಣನ ಮಗಳು, ದಿನಪತ್ರಿಕೆಯೊಂದರ ಜಿಲ್ಲಾ ಪುಟಗಳ ಡೆಸ್ಕಿನಲ್ಲಿ ಉಪಸಂಪಾದಕಿ.

— ಅತ್ತೆ, ಪಂಚಾಯಿತಿ ಅಧ್ಯಕ್ಷೆಯರ ಮೇಲೆ ಒಂದು ವಿಶೇಷ ಪುಟ ಮಾಡ್ತಿದ್ದೀವಿ. ನಿಮ್ಮ ಕಾಲದ ಫೋಟೊ ಇದ್ದರೆ ಕೊಡ್ತೀರಾ?

— ಮಾರ್ಚ್ ಎಂಟಕ್ಕಾ?

— ಹೌದು.

— ಫೋಟೊ ಬೇಕಾದಷ್ಟಿವೆ ಮಗಾ. ಇದು ನೋಡು, ಅಧ್ಯಕ್ಷೆಯಾದ ದಿನದ್ದು. ಹಾರ, ಶಾಲು, ಪಕ್ಕದಲ್ಲಿ ನಿಮ್ಮ ಮಾವ. ಇದು ಶಾಲೆ ಕಾಂಪೌಂಡಿನ ಗುದ್ದಲಿ ಪೂಜೆ. ಗುದ್ದಲಿ ಶಾಸಕರ ಕೈಲಿದೆ, ನಾನು ಹಿಂದಿನ ಸಾಲಿನಲ್ಲಿ. ಇದು ಪೇಪರಿನಲ್ಲೇ ಬಂದದ್ದು, ನೀರಿನ ಪೈಪ್‌ಲೈನಿನ ಸುದ್ದಿ. ಓದು, ಕೊನೆ ಸಾಲು.

— "ಬೇಸಿಗೆಗೆ ಮುನ್ನ ಎಲ್ಲ ಬೀದಿಗಳಿಗೂ ನೀರು ತಲುಪಲಿದೆ ಎಂದು ಅಧ್ಯಕ್ಷೆಯ ಪತಿ ತಿಳಿಸಿದರು."

— ಆ ಪೈಪು ಹೇಗೆ ಬಂತು ಗೊತ್ತಾ? ಊರಿನ ಮೇಲುಬೀದಿಗೆ ದಿನಾ ನೀರು, ಕೆಳಗಿನ ಕೇರಿಗೆ ವಾರಕ್ಕೆರಡು ಸಲ ಬಂದರೆ ಪುಣ್ಯ. ಎಲ್ಲರೂ ಹೇಳ್ತಿದ್ದದ್ದು ಒಂದೇ, ಬೋರ್‌ವೆಲ್ ಸಾಲದು, ಇನ್ನೊಂದು ಕೊರೆಸಿ ಅಂತ. ನಾನು ನೀರುಗಂಟಿ ಜೊತೆ ಬೆಳಗಿನ ಜಾವ ಎದ್ದು ವಾಲ್ವ್‌ಗಳ ಹತ್ತಿರ ನಿಂತು ನೋಡಿದೆ. ನೀರು ಸಾಲದ್ದಲ್ಲ. ಮೇಲುಬೀದಿಯ ವಾಲ್ವ್ ಮುಚ್ಚೋಕೆ ಅವನಿಗೆ ಧೈರ್ಯ ಇರಲಿಲ್ಲ, ಅಷ್ಟೆ. ಅದಕ್ಕೇ ಕೇರಿಗೆ ಬೇರೆಯದೇ ಲೈನು, ಟ್ಯಾಂಕಿನಿಂದ ನೇರವಾಗಿ. ಸಾಮಾನ್ಯ ಸಭೆಯಲ್ಲಿ ವಿಷಯ ಬಂದಾಗಲೆಲ್ಲ ಮುಂದೂಡಿದರು. ಕೊನೆಗೆ ಕೇರಿಯ ಹೆಂಗಸರನ್ನೆಲ್ಲ ಗ್ರಾಮಸಭೆಗೆ ಕರೆಸಿ, ಅವರ ಮುಂದೆಯೇ ಕ್ರಿಯಾ ಯೋಜನೆಗೆ ಸೇರಿಸಿದೆ. ಬಿಲ್ ಪಾವತಿಗೆ ಪಿಡಿಒ ಕೀ ಜೊತೆ ಅಧ್ಯಕ್ಷೆಯ ಡಿಜಿಟಲ್ ಸಹಿ ಕೀನೂ ಬೇಕಲ್ಲ, ಅದನ್ನ ಮನೆ ಬೀಗದಕೈ ಗೊಂಚಲಿಗೇ ಸೇರಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೆ. ಯಾರ ಕೈಗೂ ಕೊಡಲಿಲ್ಲ. ಇಷ್ಟರಲ್ಲಿ ಯಾವುದಾದರೂ ಒಂದು ಮಾತು ಆ ಸುದ್ದಿಯಲ್ಲಿದೆಯಾ?

— ಇಲ್ಲ. ಆದರೆ ಆ ಸುದ್ದಿ ಹುಟ್ಟುವ ರೀತಿಯನ್ನೂ ನೀವು ನೋಡಬೇಕು. ತಾಲ್ಲೂಕಿನ ವರದಿಗಾರನಿಗೆ ದಿನಕ್ಕೆ ಇಷ್ಟು ಸುದ್ದಿ ಕಳಿಸಬೇಕು ಅಂತಿರುತ್ತೆ. ಪುಟ ಮುಗಿಯೋಕೆ ಅರ್ಧ ಗಂಟೆ ಇದೆ ಅಂದಾಗ ಪಂಚಾಯಿತಿಗೆ ಫೋನ್ ಮಾಡ್ತಾನೆ. "ಅಧ್ಯಕ್ಷೆಯ ನಂಬರು" ಅಂತ ಅವನ ಹತ್ತಿರ ಇರೋದೇ ಗಂಡನ ನಂಬರು. ಗಂಡ ಮಾತಾಡ್ತಾನೆ, ಇವನು ಬರ್ಕೋತಾನೆ. ಇದರಲ್ಲಿ ಯಾರಿಗೂ ಹೆಣ್ಣನ್ನ ಕೀಳು ಮಾಡೋ ಉದ್ದೇಶ ಇರಲ್ಲ.

— ಉದ್ದೇಶದ ಮಾತು ನಾನೆತ್ತಲಿಲ್ಲ. ಆ ಸುದ್ದಿ ಬಂದ ಮಾರನೇ ದಿನದಿಂದ ಊರಲ್ಲಿ ಏನಾಯ್ತು ಅಂತ ಹೇಳ್ತೀನಿ ಕೇಳು. ಅಲ್ಲಿವರೆಗೆ ನೀರಿನ ದೂರು ಹಿಡಿದು ಕಚೇರಿಗೆ ಬರ್ತಿದ್ದವರು ನಿಮ್ಮ ಮಾವ ಕೂರೋ ಟೀ ಅಂಗಡಿಗೆ ಹೋಗೋಕೆ ಶುರುಮಾಡಿದರು. ಪೇಪರಿನವರೇ ಅವರನ್ನ ಕೇಳ್ತಾರೆ ಅಂದಮೇಲೆ ಅಧಿಕಾರ ಅಲ್ಲೇ ಇರಬೇಕು ಅಂತ ಜನರ ಲೆಕ್ಕ. ಅವರಾಗಿ ಬಾಯಿ ಹಾಕ್ತಿರಲಿಲ್ಲ ಪಾಪ, ಫೋನ್ ಬಂದರೆ ಮರ್ಯಾದೆಗೆ ಉತ್ತರ ಕೊಡ್ತಿದ್ದರು. ಆದರೂ ಅರ್ಜಿಗಳು ಅವರ ಜೇಬು ಸೇರಿದವು.

— ಎಷ್ಟೋ ಕಡೆ ನಿಜವಾಗಿಯೂ ಗಂಡಂದಿರೇ ನಡೆಸ್ತಾರಲ್ಲ ಅತ್ತೆ. ಅದು ಕಟ್ಟುಕಥೆ ಅಲ್ಲ. 2023ರಲ್ಲಿ ಕೇಂದ್ರದ ಪಂಚಾಯತ್ ರಾಜ್ ಸಚಿವಾಲಯ ಇದರ ಬಗ್ಗೆ ಸಮಿತಿಯನ್ನೇ ಮಾಡಬೇಕಾಯ್ತು. ಇರೋದನ್ನ ಬರೆದರೆ ತಪ್ಪು ಅಂತೀರಾ?

— ಬರೀರಿ, ಖಂಡಿತ ಬರೀರಿ. "ಸಭೆಯ ಕುರ್ಚಿಯಲ್ಲಿ ಗಂಡ ಕೂತಿದ್ದ, ಅದು ಕಾನೂನಿಗೆ ವಿರುದ್ಧ" ಅಂತ ಬರೆದರೆ ಅದು ಪತ್ರಿಕೆ ಮಾಡಬೇಕಾದ ಕೆಲಸ. ನೀವು ಮಾಡೋದು ಅದಲ್ಲವಲ್ಲ! ಅವನನ್ನೇ ಕೇಳಿ, ಅವನ ಹೇಳಿಕೆಯನ್ನೇ ಅಚ್ಚು ಹಾಕಿ, ಅವನ ಕುರ್ಚಿಗೆ ನಾಲ್ಕು ಮೊಳೆ ಜಾಸ್ತಿ ಹೊಡೀತೀರಿ.

— ನಾನು ಬೇರೆ ಥರ ಯೋಚಿಸಿದ್ದೆ. ಮಾಧ್ಯಮ ಹೆಣ್ಣು ನಾಯಕರಿಗೆ ಮಾಡೋ ಕೇಡು ಅಂದರೆ ನನಗೆ ಮೊದಲು ನೆನಪಾಗೋದು ಬೈಗುಳ. 2019ರ ಲೋಕಸಭಾ ಚುನಾವಣೆ ಹೊತ್ತಲ್ಲಿ ಆಮ್ನೆಸ್ಟಿಯವರು 95 ಮಹಿಳಾ ರಾಜಕಾರಣಿಗಳಿಗೆ ಬಂದ ಟ್ವೀಟುಗಳನ್ನ ಪರಿಶೀಲಿಸಿದರು. ಸರಿಸುಮಾರು ಏಳಕ್ಕೆ ಒಂದು ನಿಂದನೆಯದ್ದೋ ಅವಹೇಳನದ್ದೋ ಆಗಿತ್ತು. ಇಂದಿರಾ ಗಾಂಧಿಯವರನ್ನೇ ಲೋಹಿಯಾ "ಗೂಂಗಿ ಗುಡಿಯಾ", ಮೂಗ ಗೊಂಬೆ ಅಂದಿರಲಿಲ್ವೇ? ಎಷ್ಟು ದೊಡ್ಡ ಸ್ಥಾನಕ್ಕೆ ಹೋದರೂ ತಪ್ಪಲಿಲ್ಲ.

— ಬೈಗುಳದಿಂದ ನೋವಾಗುತ್ತೆ, ನಿಜ. ಆದರೆ ಬೈಸಿಕೊಳ್ಳೋಕಾದರೂ ಕಣ್ಣಿಗೆ ಬಿದ್ದಿರಬೇಕಲ್ಲವ್ವ. ಕರ್ನಾಟಕದಲ್ಲಿ ಸುಮಾರು ಆರು ಸಾವಿರ ಗ್ರಾಮ ಪಂಚಾಯಿತಿಗಳಿವೆ. 1987ರಲ್ಲಿ ಮಂಡಲ ಪಂಚಾಯಿತಿ ಚುನಾವಣೆ ಆದಾಗ ಆಗಿನ ಪಂಚಾಯತ್ ರಾಜ್ ಸಚಿವ ನಜೀರ್ ಸಾಬರು ಹೆಣ್ಣುಮಕ್ಕಳಿಗೆ ನೂರಕ್ಕೆ 25 ಸ್ಥಾನ ಇಟ್ಟರು. 1993ರ ಕಾಯ್ದೆ ಬಂದು ಮೂರನೇ ಒಂದು ಭಾಗ ಆಯ್ತು, 2010ರಿಂದ ಅರ್ಧಕ್ಕರ್ಧ. ಅಂದರೆ ಸಾವಿರಾರು ಹೆಂಗಸರು ಇವತ್ತು ಈ ರಾಜ್ಯದಲ್ಲಿ ಬೀದಿದೀಪ, ಚರಂಡಿ, ನರೇಗಾ ಕೂಲಿ, ಮನೆ ಹಂಚಿಕೆ ಅಂತ ತೀರ್ಮಾನ ತಗೋತಿದ್ದಾರೆ. ಅವರಲ್ಲಿ ಎಷ್ಟು ಜನ ಕೆಲಸ ಮಾಡ್ತಿರೋದನ್ನ ನೀನು ಟಿವಿಯಲ್ಲಿ ನೋಡಿದ್ದೀಯ? ಹಾರ ಹಾಕಿಸಿಕೊಂಡದ್ದಲ್ಲ, ಕೆಲಸ ಮಾಡ್ತಿರೋದು.

— ಇದಕ್ಕೆ ಒಂದು ಲೆಕ್ಕವೂ ಇದೆ. 1995ರಿಂದ ಐದೈದು ವರ್ಷಕ್ಕೊಮ್ಮೆ ಜಗತ್ತಿನ ಎಷ್ಟೋ ದೇಶಗಳಲ್ಲಿ ಒಂದೇ ದಿನದ ಸುದ್ದಿಗಳನ್ನ ಎಣಿಸ್ತಾರೆ. ಸುದ್ದಿಯಲ್ಲಿ ಕಾಣಿಸಿಕೊಳ್ಳುವ, ಮಾತಾಡುವ ಜನರಲ್ಲಿ ಹೆಣ್ಣುಮಕ್ಕಳು ಎಷ್ಟು ಅಂತ. 1995ರಲ್ಲಿ ನೂರಕ್ಕೆ 17 ಇತ್ತು. 2020ರಲ್ಲಿ 25. ಇಪ್ಪತ್ತೈದು ವರ್ಷದಲ್ಲಿ ಎಂಟು ಹೆಚ್ಚಾಗಿದೆ.

— ಅದರಲ್ಲೂ ಎಷ್ಟು ಮಂದಿ ಸತ್ತವರ ಹೆಂಡತಿ, ಎಷ್ಟು ಮಂದಿ ಮೋಸ ಹೋದವರು ಅಂತ ಬಿಡಿಸಿ ನೋಡಬೇಕು.

— ಆದರೆ ಕಂಡರೆ ಸಾಕು ಅನ್ನೋದು ಅಷ್ಟು ಸುಲಭವಾ ಅತ್ತೆ? ತಲೆತಲಾಂತರದ ನಂಬಿಕೆ ನಾಲ್ಕು ಸಲ ನೋಡಿದ್ದಕ್ಕೆ ಬದಲಾಗುತ್ತಾ?

— ನಾನು ಕಣ್ಣಾರೆ ಕಂಡದ್ದು ಹೇಳಬಲ್ಲೆ. ನಮ್ಮ ಕಡೆಗೆ ಹೆಣ್ಣು ನಾಯಕಿ ಹೊಸದಲ್ಲ. ಕೆ.ಎಸ್. ನಾಗರತ್ನಮ್ಮನವರು ಗುಂಡ್ಲುಪೇಟೆಯಿಂದ ಮತ್ತೆ ಮತ್ತೆ ಗೆದ್ದವರು. 1972ರಿಂದ 78ರವರೆಗೆ ವಿಧಾನಸಭೆಯ ಸ್ಪೀಕರು, ಆ ಕುರ್ಚಿಯಲ್ಲಿ ಕೂತ ಮೊದಲ ಹೆಣ್ಣು. ನಾನು ಲಂಗ ಉಟ್ಟುಕೊಂಡು ಓಡಾಡೋ ಕಾಲಕ್ಕೆ ಅವರು ಮೈಕು ಹಿಡಿದು ಮಾತಾಡಿದ್ದು ಕೇಳಿದ್ದೀನಿ. ಗಂಡಸರೆಲ್ಲ ಕೈಕಟ್ಟಿಕೊಂಡು ಕೇಳ್ತಿದ್ದರು. ಹೆಂಗಸು ಆಳಬಲ್ಲಳಾ ಅನ್ನೋ ಪ್ರಶ್ನೆ ನನ್ನ ತಲೆಗೆ ಬರಲೇ ಇಲ್ಲ, ಯಾಕಂದರೆ ಉತ್ತರ ಮೊದಲೇ ನೋಡಿಬಿಟ್ಟಿದ್ದೆ. ನಾನು ಮೊದಲ ಸಲ ಚುನಾವಣೆಗೆ ನಿಂತಾಗ ಅಪ್ಪ ಬೇಡ ಅನ್ನಲಿಲ್ಲ. ನಿಮ್ಮಪ್ಪನೂ ಅನ್ನಲಿಲ್ಲ. ಅದು ಎಲ್ಲಿಂದ ಬಂತು ಅಂದ್ಕೊಂಡೆ?

— ಇದನ್ನೇ ಬಂಗಾಳದಲ್ಲಿ ಪರೀಕ್ಷೆ ಮಾಡಿ ನೋಡಿದ್ದಾರೆ. ನೊಬೆಲ್ ಬಂತಲ್ಲ, ಎಸ್ತರ್ ಡುಫ್ಲೊ, ಅವರೂ ರೋಹಿಣಿ ಪಾಂಡೆ ಮೊದಲಾದವರೂ ಸೇರಿ ಬೀರ್‌ಭೂಮ್ ಜಿಲ್ಲೆಯ ಹಳ್ಳಿಗಳಲ್ಲಿ. ಪಂಚಾಯಿತಿ ಪ್ರಧಾನರು ಮಾತಾಡಿದ ಹಾಗೆ ಒಂದು ಭಾಷಣ ಸಿದ್ಧಮಾಡಿ ಗಂಡಿನ ದನಿಯಲ್ಲೊಮ್ಮೆ, ಹೆಣ್ಣಿನ ದನಿಯಲ್ಲೊಮ್ಮೆ ರೆಕಾರ್ಡ್ ಮಾಡಿದರು. ಒಬ್ಬರಿಗೆ ಒಂದು ದನಿ ಮಾತ್ರ ಕೇಳಿಸಿ, ಈ ನಾಯಕರು ಎಂಥವರು ಅಂತ ಕೇಳಿದರು. ಮಾತು ಅದೇ, ಅಕ್ಷರ ಅದೇ. ಹೆಣ್ಣು ಪ್ರಧಾನರನ್ನೇ ಕಾಣದ ಹಳ್ಳಿಗಳಲ್ಲಿ ಗಂಡಸರು ಹೆಣ್ಣು ದನಿಗೆ ಕಡಿಮೆ ಅಂಕ ಕೊಟ್ಟರು. ಮೀಸಲಾತಿಯಿಂದ ಹೆಣ್ಣು ಪ್ರಧಾನರನ್ನ ಕಂಡಿದ್ದ ಹಳ್ಳಿಗಳಲ್ಲಿ ಆ ವ್ಯತ್ಯಾಸ ಹೋಗಿತ್ತು.

— ನೋಡಿದೆಯಾ!

— ಪೂರ್ತಿ ಕೇಳಿ. ನಾಯಕ ಗಂಡಸೇ ಆಗಿದ್ದರೆ ಚೆನ್ನ ಅನ್ನೋ ಇಷ್ಟ ಮಾತ್ರ ಹಾಗೇ ಇತ್ತಂತೆ. ಹೆಂಗಸಿಗೆ ಕೆಲಸ ಬರಲ್ಲ ಅನ್ನೋ ಅಂದಾಜು ಬಿದ್ದುಹೋಯ್ತು, ಇಷ್ಟ ಬದಲಾಗಲಿಲ್ಲ.

— ಇಷ್ಟ ಇಟ್ಕೊಳ್ಳಲಿ ಬಿಡು. ಕೆಲಸ ಬರುತ್ತೆ ಅಂತ ಒಪ್ಪಿದರೆ ಓಟು ಹಾಕ್ತಾರೆ.

— ಹಾಕಿದರು ಕೂಡ. ಎರಡು ಅವಧಿ ಮೀಸಲಾಗಿದ್ದ ಕಡೆ, ಮೀಸಲು ತೆಗೆದ ಮೇಲೂ ಹೆಚ್ಚು ಹೆಂಗಸರು ನಿಂತು ಗೆದ್ದರು. ಅದಕ್ಕಿಂತ ನನ್ನ ಮನಸ್ಸಿಗೆ ಹತ್ತಿದ್ದು ಮಕ್ಕಳ ವಿಷಯ. ಅದೇ ಜಿಲ್ಲೆಯ 495 ಹಳ್ಳಿಗಳ ಅಧ್ಯಯನ 2012ರಲ್ಲಿ ಬಂತು. ಮುಂದೆ ಏನಾಗಬೇಕು, ಎಷ್ಟು ಓದಬೇಕು ಅನ್ನೋ ಆಸೆಯಲ್ಲಿ ಹುಡುಗ ಹುಡುಗಿಯರ ನಡುವೆ ಇದ್ದ ಅಂತರ, ಎರಡು ಅವಧಿ ಹೆಣ್ಣು ಪ್ರಧಾನರಿದ್ದ ಹಳ್ಳಿಗಳಲ್ಲಿ ನೂರಕ್ಕೆ 32ರಷ್ಟು ಕಡಿಮೆಯಾಗಿತ್ತು. ಓದಿನ ಅಂತರವಂತೂ ಅಳಿಸಿಹೋಗಿತ್ತು. ಹುಡುಗಿಯರು ಮನೆಗೆಲಸಕ್ಕೆ ಕಳೆಯೋ ಹೊತ್ತು ಕೂಡ ಕಡಿಮೆ ಆಗಿತ್ತು. ಆ ಹೆಣ್ಣುಮಕ್ಕಳಿಗೆ ಹೊಸ ಕೆಲಸಗಳೇನೂ ಹುಟ್ಟಿರಲಿಲ್ಲ. ಕಣ್ಣೆದುರು ಒಬ್ಬಳು ಇದ್ದಳು, ಅಷ್ಟೇ.

— ಒಂದೂರಿನ ಹೆಣ್ಣು ಒಂದೂರಿಗೆ ಕಾಣ್ತಾಳೆ. ನಿಮ್ಮ ಪತ್ರಿಕೆ ಜಿಲ್ಲೆಗೇ ಕಾಣಿಸಬಲ್ಲದು, ಟಿವಿಯವರು ರಾಜ್ಯಕ್ಕೇ ಕಾಣಿಸಬಲ್ಲರು. ನನ್ನ ಹೊಟ್ಟೆಯುರಿ ಇರೋದೇ ಅಲ್ಲಿ. ಕೈಯಲ್ಲಿ ಇಷ್ಟು ದೊಡ್ಡ ಶಕ್ತಿ ಇಟ್ಟುಕೊಂಡು ಏನು ತೋರಿಸ್ತಾರೆ ಹೇಳು? ಸಂಜೆ ಏಳಾದರೆ ಒಂದು ಮನೆಯ ಸೊಸೆ ಇನ್ನೊಂದು ಮನೆಯವಳ ಹಾಲಿಗೆ ವಿಷ ಬೆರೆಸ್ತಿರ್ತಾಳೆ.

— ಟಿವಿ ಬರೀ ಕೆಟ್ಟದ್ದೇ ಮಾಡಿಲ್ಲ. 2001ರಿಂದ 2003ರ ಸುಮಾರಿಗೆ ಹೊಸದಾಗಿ ಕೇಬಲ್ ಬಂದ ಹಳ್ಳಿಗಳನ್ನ ಹಿಡಿದು ಜೆನ್ಸನ್, ಓಸ್ಟರ್ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞರು ಅಧ್ಯಯನ ಮಾಡಿದರು. ತಮಿಳುನಾಡು, ಗೋವಾ, ಬಿಹಾರ, ಹರಿಯಾಣ ಕಡೆ. ಕೇಬಲ್ ಬಂದ ಮೇಲೆ ಗಂಡ ಹೊಡೆಯೋದು ಸರಿ ಅನ್ನೋ ಹೆಂಗಸರು ಕಡಿಮೆಯಾದರು, ಗಂಡುಮಗುವೇ ಬೇಕು ಅನ್ನೋದು ಕಡಿಮೆಯಾಯ್ತು, ಮನೆ ವಿಷಯದಲ್ಲಿ ಅವರ ಮಾತು ನಡೆಯೋದು ಹೆಚ್ಚಾಯ್ತು. ಆ ಕಾಲದಲ್ಲಿ ಓಡ್ತಿದ್ದದ್ದೂ ಅತ್ತೆ ಸೊಸೆ ಧಾರಾವಾಹಿಗಳೇ.

— ಅದು ನಿಜ ಇರಬಹುದು. ಆ ಧಾರಾವಾಹಿಯ ಹೆಂಗಸರು ಪಟ್ಟಣದವರು, ಓದಿದವರು, ಕಾರಿನಲ್ಲಿ ಓಡಾಡೋರು, ತಮ್ಮ ದುಡ್ಡು ತಾವೇ ಖರ್ಚು ಮಾಡೋರು. ಮನೆ ಒಳಗಿನ ಬದುಕು ಹೀಗೂ ಇರಬಹುದು ಅಂತ ಅವರನ್ನ ನೋಡಿ ಕಲಿತೆವು. ಮನೆ ಹೊರಗಿನದನ್ನ ತೋರಿಸಿದ್ದರೆ ಅದನ್ನೂ ಕಲೀತಿದ್ದೆವು. ಒಂದು ಸಲ ತೋರಿಸಿದ್ದರು ಕೂಡ. 1989ರಲ್ಲಿ ದೂರದರ್ಶನದಲ್ಲಿ "ಉಡಾನ್" ಬರ್ತಿತ್ತು, ಹಿಂದಿಯದ್ದು. ಭಾಷೆ ಅರ್ಧ ಅರ್ಥ ಆಗ್ತಿರಲಿಲ್ಲ. ಒಬ್ಬ ಹುಡುಗಿ ಐಪಿಎಸ್ ಅಧಿಕಾರಿ ಆಗೋ ಕಥೆ.

— ಕವಿತಾ ಚೌಧರಿ ತಾವೇ ಬರೆದು, ನಿರ್ದೇಶಿಸಿ, ನಟಿಸಿದ್ದು. ಅವರ ಅಕ್ಕ ಕಾಂಚನ್ ಚೌಧರಿ ಭಟ್ಟಾಚಾರ್ಯರ ಬದುಕೇ ಆ ಕಥೆ. ಆ ಅಕ್ಕ 2004ರಲ್ಲಿ ಉತ್ತರಾಖಂಡದ ಪೊಲೀಸ್ ಮಹಾನಿರ್ದೇಶಕಿ ಆದರು. ದೇಶದಲ್ಲೇ ಆ ಹುದ್ದೆಗೆ ಬಂದ ಮೊದಲ ಹೆಣ್ಣು.

— ಅದರಲ್ಲಿ ಅವಳು ಓದೋದು, ಬಿದ್ದು ಏಳೋದು, ಡ್ಯೂಟಿ ಮಾಡೋದು ಎಲ್ಲಾ ಇತ್ತು. ಅಂಥದ್ದು ಇನ್ನೊಂದು ಹತ್ತು ಬಂದಿದ್ದರೆ! ಬಂದದ್ದು ಏನು? ಸಿನಿಮಾದ ಯಜಮಾನಿಯರು.

— "ಅನುರಾಗ ಅರಳಿತು" ಹೇಳ್ತಿದ್ದೀರಾ?

— ಅದೇ. ರಾಜಣ್ಣನ ಸಿನಿಮಾ ಅಂದರೆ ನಮಗೆ ಪ್ರಾಣ, ಆ ಮಾತು ಬೇರೆ. 1986ರದ್ದು ಅಂತ ಕಾಣುತ್ತೆ. ಮಾಧವಿ ಕಾರ್ಖಾನೆಯ ಒಡತಿ. ಅಷ್ಟು ಜನಕ್ಕೆ ಸಂಬಳ ಕೊಡ್ತಾಳೆ, ಲೆಕ್ಕ ನೋಡ್ತಾಳೆ, ಗಂಡಸರ ಮಧ್ಯೆ ಕೂತು ವ್ಯಾಪಾರ ಮಾಡ್ತಾಳೆ. ಅವಳು ಹೇಗೆ ಆ ಕಾರ್ಖಾನೆ ನಡೆಸ್ತಾಳೆ ಅನ್ನೋದು ಕಥೆಗೆ ಬೇಡ. ಅವಳ ಸೊಕ್ಕು ಹೇಗೆ ಇಳೀತು ಅನ್ನೋದೇ ಕಥೆ. ಕಾರ್ಮಿಕರ ಪರ ನಿಲ್ಲೋ ನಾಯಕ ಇದ್ದಾನೆ, ಅವನು ಹೇಳೋದರಲ್ಲಿ ನ್ಯಾಯ ಇದೆ, ಅದಕ್ಕೇ ನಮಗೆಲ್ಲ ಅವನ ಕಡೆಯೇ ಮನಸ್ಸು ಹೋಗೋದು. ಆದರೆ ಕೆಟ್ಟ ಧಣಿ ಗಂಡಸಾಗಿದ್ದರೆ ಸಿನಿಮಾದಲ್ಲಿ ಅವನು ಕೆಟ್ಟ ಧಣಿ ಮಾತ್ರ, ಜೈಲಿಗೆ ಹೋಗ್ತಾನೆ. ಹೆಂಗಸಾದರೆ ಅವಳ ಹೆಣ್ತನವೇ ಸರಿ ಇಲ್ಲ, ತಾಳಿ ಕಟ್ಟಿ ತಿದ್ದಬೇಕು.

— ಆ ಕಥೆಯ ಬೇರು ಎಚ್.ಜಿ. ರಾಧಾದೇವಿಯವರ ಕಾದಂಬರಿ, ಅಂದರೆ ಒಬ್ಬ ಹೆಂಗಸು ಬರೆದದ್ದೇ. ಮತ್ತೆ ಅದು ಕನ್ನಡದಲ್ಲೇ ನಿಲ್ಲಲಿಲ್ಲ. 1992ರಲ್ಲಿ ತೆಲುಗಿನಲ್ಲಿ ಚಿರಂಜೀವಿ "ಘರಾನಾ ಮೊಗುಡು" ಮಾಡಿದರು, ಅದೇ ವರ್ಷ ತಮಿಳಿನಲ್ಲಿ ರಜನಿಕಾಂತ್ "ಮನ್ನನ್". 1994ರಲ್ಲಿ ಹಿಂದಿಯಲ್ಲಿ "ಲಾಡ್ಲಾ", ಶ್ರೀದೇವಿ ಒಡತಿ. ನಾಲ್ಕು ಭಾಷೆಯ ಜನ ಒಂದೇ ಕಥೆಗೆ ಚಪ್ಪಾಳೆ ತಟ್ಟಿದರು.

— ಹೆಣ್ಣು ಒಡೆತನ ಮಾಡಿದರೆ ಹೀಗೇ ಆಗೋದು ಅಂತ ಇಡೀ ದೇಶಕ್ಕೆ ಒಂದೇ ಪಾಠ ಹೇಳಿಕೊಟ್ಟ ಹಾಗಾಯ್ತು. ಅದರ ಫಲ ನಾನು ಉಂಡಿದ್ದೀನಿ. ನರೇಗಾದಲ್ಲಿ ಕೆಲಸಕ್ಕೆ ಬಾರದವರ ಹೆಸರಿಗೆ ಹಾಜರಿ ಹಾಕಿದ್ದರು. ಸಭೆಯಲ್ಲಿ ಸಹಿ ಹಾಕಲ್ಲ ಅಂದೆ, ದನಿ ಸ್ವಲ್ಪ ಏರಿತ್ತು. ಒಬ್ಬ ಸದಸ್ಯ ಎದ್ದು ನಿಂತು, "ಹೆಂಗಸಿಗೆ ಇಷ್ಟು ದುರಹಂಕಾರ ಇರಬಾರದು" ಅಂದ. ನನಗಿಂತ ಮುಂಚೆ ಇದ್ದ ಅಧ್ಯಕ್ಷರು ಮೇಜು ಗುದ್ದಿ ಮಾತಾಡೋರು. ಅವರನ್ನ ಎಲ್ಲರೂ ಖಡಕ್ ಮನುಷ್ಯ ಅಂತಿದ್ದರು. ಹಾಜರಿ ಪುಸ್ತಕ ಸರಿಯೋ ತಪ್ಪೋ ಅಂತ ಆ ಹೊತ್ತು ಯಾರೂ ಮಾತಾಡಲಿಲ್ಲ. ನನ್ನ ದನಿಯೇ ಚರ್ಚೆ ಆಯ್ತು.

— ಟಿವಿ ಚರ್ಚೆಗಳಲ್ಲೂ ಹಾಗೇ. 2023ರಲ್ಲಿ ಇಬ್ಬರು ಮಹಿಳಾ ಅಧಿಕಾರಿಗಳ ನಡುವೆ ಆರೋಪ ಪ್ರತ್ಯಾರೋಪ ನಡೆದಾಗ ವಾಹಿನಿಗಳಿಗೆ ದಿನಗಟ್ಟಲೆ ಬೇರೆ ಸುದ್ದಿಯೇ ಇರಲಿಲ್ಲ. ಆರೋಪದಲ್ಲಿದ್ದ ಆಡಳಿತದ ವಿಷಯ ಪಕ್ಕಕ್ಕೆ ಹೋಯ್ತು. ಎರಡು ಜಡೆ ಸೇರಲ್ಲ ಅನ್ನೋ ಗಾದೆಗೆ ಪುರಾವೆ ಸಿಕ್ಕ ಹಾಗೆ ಮಾತಾಡಿದರು.

— ಗಂಡಸು ಅಧಿಕಾರಿಗಳು ಜಗಳ ಆಡೋದಿಲ್ವಾ?

— ಆಡ್ತಾರೆ. ಅದಕ್ಕೆ ಇಲಾಖೆಗಳ ನಡುವಿನ ಭಿನ್ನಾಭಿಪ್ರಾಯ ಅಂತ ಹೆಸರು. ಹೊಸ ಪ್ರಯತ್ನಗಳೂ ಇವೆ ಅತ್ತೆ, ಅದನ್ನೂ ಹೇಳಬೇಕು. ನಾವಿಬ್ಬರೂ ಮೊಬೈಲಿನಲ್ಲಿ ನೋಡಿದ್ವಲ್ಲ, ಆ ಹಿಂದಿ ವೆಬ್ ಸರಣಿ "ಪಂಚಾಯತ್".

— ಆ ಫುಲೇರಾ ಊರಿನದ್ದು. ಪ್ರಧಾನೆ ಮಂಜು ದೇವಿ, ಆಳೋದು ಗಂಡ.

— 2020ರಲ್ಲಿ ಬಂದ ಮೊದಲ ಸೀಸನ್ನಿನ ಕೊನೆಯ ಕಂತು ನೆನಪಿದೆಯಾ? ಜನವರಿ 26ಕ್ಕೆ ಬಾವುಟ ಹಾರಿಸೋಕೆ ಆಕೆ ರಾಷ್ಟ್ರಗೀತೆ ಕಲಿಯೋದು.

— ಚೆನ್ನಾಗಿ ನೆನಪಿದೆ. ಒಲೆ ಮುಂದೆ ಇದ್ದವಳು ಊರ ಮುಂದೆ ನಿಂತಳಲ್ಲ, ನನ್ನ ಕಣ್ಣಲ್ಲಿ ನೀರು ಬಂತು. ನೀನಾ ಗುಪ್ತಾ ಅದ್ಭುತವಾಗಿ ಮಾಡಿದ್ದಾಳೆ. ಒಂದೇ ಬೇಸರ. ಅದರಲ್ಲಿ ಆ ಗಂಡ ತುಂಬ ಒಳ್ಳೆಯವನು, ನಗಿಸ್ತಾನೆ, ಊರಿಗೆಲ್ಲ ಬೇಕಾದವನು. ಹೆಂಡತಿಯ ಕುರ್ಚಿಯಲ್ಲಿ ಕೂರೋದು ಕಳ್ಳತನ ಅಂತ ಯಾರಿಗೂ ಅನ್ನಿಸಲ್ಲ. ಎಲ್ಲ ಗಂಡಂದಿರೂ ಹಾಗಿರಲ್ಲ ಮಗಾ. ಬಿಲ್ಲಿಗೆ ಸಹಿ ಹಾಕದಿದ್ದಕ್ಕೆ ಹೊಡೆತ ತಿಂದ ಸದಸ್ಯೆಯರನ್ನ ನಾನು ಬಲ್ಲೆ.

— ಅದೇ ತಂಡವನ್ನ ಹಿಡಿದು ಪಂಚಾಯತ್ ರಾಜ್ ಸಚಿವಾಲಯ 2025ರಲ್ಲಿ ಒಂದು ಕಿರುಚಿತ್ರ ಮಾಡಿಸಿತು. "ಅಸಲಿ ಪ್ರಧಾನ್ ಕೌನ್?" ಅಂತ, ನೀನಾ ಗುಪ್ತಾ ಅವರದ್ದೇ. ಅದರಲ್ಲಿ ಆಕೆ ತಾನೇ ಅಧಿಕಾರ ನಡೆಸ್ತಾಳೆ.

— ಒಳ್ಳೆಯದು. ನಮ್ಮ ಕನ್ನಡದಲ್ಲಿ ಯಾರಾದರೂ ಮಾಡಿದ್ದಾರಾ? ಆರು ಸಾವಿರ ಪಂಚಾಯಿತಿಗಳ ಕಥೆ ಇಲ್ಲಿ ಬಿದ್ದಿದೆಯಲ್ಲ.

— ಬರೆಯೋರು ಯಾರು ಅನ್ನೋದೂ ಮುಖ್ಯ. ಉತ್ತರ ಪ್ರದೇಶದ ಚಿತ್ರಕೂಟದಲ್ಲಿ 2002ರಿಂದ "ಖಬರ್ ಲಹರಿಯಾ" ನಡೀತಿದೆ. ಹಳ್ಳಿಯ ಹೆಂಗಸರೇ, ಅದರಲ್ಲೂ ದಲಿತ ಹೆಣ್ಣುಮಕ್ಕಳೇ ವರದಿಗಾರರು. ಅವರು ಊರಿಗೆ ಹೋದರೆ ಪ್ರಧಾನೆ ಒಳಗಿಂದ ಎದ್ದು ಬಂದು ಮಾತಾಡ್ತಾಳೆ, ಯಾಕಂದರೆ ಕೇಳೋಳೂ ಹೆಂಗಸು. ನಮ್ಮ ಹಿರಿಯರಲ್ಲೂ ಇದ್ದರು. ನಂಜನಗೂಡು ತಿರುಮಲಾಂಬ ನೂರು ವರ್ಷದ ಹಿಂದೆಯೇ ಪ್ರಕಾಶನ ಮಾಡಿ ಪತ್ರಿಕೆ ನಡೆಸಿದವರು. ಇವತ್ತು ನನ್ನ ಕೈಗೆ ಸುದ್ದಿ ಕಳಿಸೋ ತಾಲ್ಲೂಕು ವರದಿಗಾರರಲ್ಲಿ ಒಬ್ಬಳೂ ಹೆಂಗಸಿಲ್ಲ.

— ಯಾಕಿಲ್ಲ?

— ಸಂಬಳ ಇಲ್ಲ, ಸುದ್ದಿಗಿಷ್ಟು ಅಂತ ಕೊಡೋದು. ರಾತ್ರಿ ಹೊತ್ತು ಬೈಕಿನಲ್ಲಿ ಓಡಾಡಬೇಕು, ಜಾಹೀರಾತೂ ತರಬೇಕು. ಯಾವ ಮನೆಯವರು ಕಳಿಸ್ತಾರೆ?

— ಹಾಗಾದರೆ ಅದು ನಿಮ್ಮ ಯಜಮಾನರು ಸರಿಮಾಡಬೇಕಾದ್ದು. ಈಗ ನಾನು ಇನ್ನೊಂದು ಹೇಳ್ತೀನಿ, ಇದನ್ನ ಯಾರಿಗೂ ಹೇಳಿಲ್ಲ. ಅಧ್ಯಕ್ಷಗಿರಿ ಮುಗಿದ ಮೇಲೆ ತಾಲ್ಲೂಕು ಪಂಚಾಯಿತಿಗೆ ಟಿಕೆಟ್ ಕೇಳೋಕೆ ಹೋದೆ. ಪಕ್ಷ ಯಾವುದು ಅಂತ ಬೇಡ, ಯಾವುದಾದರೂ ಅಷ್ಟೇ. ಟಿಕೆಟ್ ಕೇಳೋರೆಲ್ಲ ಒಂದೊಂದು ಫೈಲು ತರ್ತಾರೆ, ಮಾಡಿದ ಕೆಲಸ, ಪೇಪರಿನಲ್ಲಿ ಬಂದದ್ದು ಅಂಟಿಸಿ. ನಾನೂ ಒಯ್ದಿದ್ದೆ. ಮುಖಂಡರು ಕನ್ನಡಕ ಹಾಕ್ಕೊಂಡು ಒಂದೊಂದೇ ಹಾಳೆ ತಿರುವಿದರು. ಆಮೇಲೆ ಬೆರಳಿಟ್ಟು ತೋರಿಸಿದರು. "ಎಲ್ಲಾ ಕ್ಷೇತ್ರದಲ್ಲೂ ನಿಮ್ಮ ಯಜಮಾನರೇ ಓಡಾಡಿದ್ದಾರಲ್ಲಮ್ಮ. ಅವರಿಗೇ ಜನರಲ್ ಸೀಟು ನೋಡೋಣ" ಅಂದರು. ಕೆಟ್ಟ ಮನುಷ್ಯರಲ್ಲ ಅವರು. ಅವರ ಮುಂದೆ ಇದ್ದ ಕಾಗದದಲ್ಲಿ ಏನಿತ್ತೋ ಅದನ್ನೇ ಓದಿದರು. ಮೂವತ್ತು ತಿಂಗಳ ನನ್ನ ಕೆಲಸ ಅಷ್ಟು ಹೊತ್ತಿಗೆ ಇನ್ನೊಬ್ಬರ ಹೆಸರಿಗೆ ಖಾತೆಯಾಗಿತ್ತು.

— ಅತ್ತೆ...

— ಅಯ್ಯೋ ಅನ್ನೋದು ಬೇಡ, ಲೆಕ್ಕ ಹಾಕು. ಪಂಚಾಯಿತಿಯಲ್ಲಿ ಅರ್ಧ ಹೆಂಗಸರು. ಅದೇ ವಿಧಾನಸಭೆಯ 224 ಸ್ಥಾನದಲ್ಲಿ 2023ರಲ್ಲಿ ಗೆದ್ದ ಹೆಂಗಸರೆಷ್ಟು?

— ಹತ್ತು ಜನ.

— ಈ ರಾಜ್ಯ ಒಬ್ಬ ಹೆಣ್ಣು ಮುಖ್ಯಮಂತ್ರಿಯನ್ನ ಇನ್ನೂ ಕಂಡಿಲ್ಲ. ಕೆಳಗೆ ಅಷ್ಟು ಜನ ಇದ್ದು ಮೇಲೆ ಹತ್ತು ಜನ ಅಂದರೆ ನಡುವೆ ಎಲ್ಲೋ ಏಣಿ ಮುರಿದಿದೆ. ದುಡ್ಡು, ಜಾತಿ, ಪಕ್ಷ ಎಲ್ಲಾ ಇದೆ, ಇಲ್ಲ ಅನ್ನಲ್ಲ. ನಿಮ್ಮ ಆ ಸಿಂಗಲ್ ಕಾಲಂ ಸುದ್ದಿಗಳೂ ಇವೆ ಅದರಲ್ಲಿ.

— 2023ರಲ್ಲಿ ಲೋಕಸಭೆ, ವಿಧಾನಸಭೆಗಳಿಗೂ ಮೂರನೇ ಒಂದು ಭಾಗ ಮೀಸಲು ಅಂತ ಸಂವಿಧಾನ ತಿದ್ದುಪಡಿ ಆಯ್ತಲ್ಲ. ದೇವೇಗೌಡರ ಸರ್ಕಾರ 1996ರಲ್ಲಿ ಮೊದಲು ಮಸೂದೆ ಮಂಡಿಸಿದ್ದು, ಇಪ್ಪತ್ತೇಳು ವರ್ಷ ಹಿಡೀತು. ಆ ಸ್ಥಾನಗಳು ಬಂದಾಗ ಪಕ್ಷಗಳು ಹೆಂಗಸರನ್ನ ಹುಡುಕಲೇಬೇಕು.

— ಹುಡುಕ್ತಾರೆ, ತಮ್ಮ ಮನೆಯಲ್ಲೇ. ಹೆಂಡತಿ, ಮಗಳು, ಸೊಸೆ. ಬೇರೆ ಯಾವ ಹೆಂಗಸಿನ ಹೆಸರೂ ಕಣ್ಣಿಗೆ ಬಿದ್ದಿಲ್ಲ ಅಂತಾರೆ. ಆಗ ತೋರಿಸೋಕೆ ಹೆಸರಿರಬೇಕು ಅಂದರೆ ಈಗಿನಿಂದ ಬರೀಬೇಕು. ಮಾರ್ಚ್ ಎಂಟಕ್ಕೆ ಒಂದು ಪುಟ ಬಣ್ಣದಲ್ಲಿ ಹಾಕಿ, "ಮನೆ, ಪಂಚಾಯಿತಿ ಎರಡನ್ನೂ ಹೇಗೆ ನಿಭಾಯಿಸ್ತೀರಿ" ಅಂತ ಕೇಳೋದಲ್ಲ.

— ಆ ಪ್ರಶ್ನೆ ನಮ್ಮ ಪಟ್ಟಿಯಲ್ಲಿದೆ.

— ಹೊಡೆದುಹಾಕು. ಅದರ ಜಾಗದಲ್ಲಿ ಕೇಳು, ಈ ವರ್ಷ ಎಷ್ಟು ಅನುದಾನ ಬಂತು, ಎಲ್ಲಿಗೆ ಹಾಕಿದಿರಿ, ಯಾಕೆ ಅಲ್ಲಿಗೇ ಹಾಕಿದಿರಿ, ಜಮಾಬಂದಿಯಲ್ಲಿ ಏನು ಆಕ್ಷೇಪ ಬಂತು. ಗಂಡಸು ಅಧ್ಯಕ್ಷನಿಗೆ ಏನು ಕೇಳ್ತೀರೋ ಅದು.

— ಕೆಲವರಿಗೆ ಉತ್ತರ ಗೊತ್ತಿರಲ್ಲ.

— ಗೊತ್ತಿರಲ್ಲ. ಮೊದಲ ತಿಂಗಳು ನನಗೂ ಗೊತ್ತಿರಲಿಲ್ಲ. ಕೇಳ್ತಾರೆ ಅಂತ ಗೊತ್ತಾದರೆ ಕಲೀತಾರೆ. ಇಲ್ಲಿ ಕೇಳು, ಸೋಮವಾರ ಹನ್ನೊಂದಕ್ಕೆ ನಮ್ಮಲ್ಲಿ ಗ್ರಾಮಸಭೆ. ಮನೆ ಕೊಡೋ ಫಲಾನುಭವಿಗಳ ಪಟ್ಟಿ ಓದ್ತಾರೆ. ಈಗಿನ ಅಧ್ಯಕ್ಷೆ ಚಿಕ್ಕ ಹುಡುಗಿ, ಮೊದಲ ಸಲ ಗೆದ್ದವಳು. ಗಲಾಟೆ ಆಗೇ ಆಗುತ್ತೆ, ಮನೆ ಪಟ್ಟಿ ಅಂದಮೇಲೆ. ವರದಿಗಾರನನ್ನ ಕಳಿಸು. ಬಂದವನು ಕೊನೇವರೆಗೂ ಕೂರಲಿ, ಫೋಟೊ ತಗೊಂಡು ಓಡಿಹೋಗೋದು ಬೇಡ.

— ಕಳಿಸ್ತೀನಿ. ಅವಳಿಗೆ ಮೊದಲೇ ಹೇಳಿಡಬೇಕಾ?

— ಬೇಡ. ಯಾರಿಗೆ ಮನೆ ಕೊಟ್ಟಳು, ಯಾರಿಗೆ ತಪ್ಪಿಸಿದಳು, ಅವಳನ್ನೇ ಕೇಳಲಿ. ವಿಧವೆಯರನ್ನ, ಗುಡಿಸಲಲ್ಲಿರೋರನ್ನ ಮುಂದೆ ಹಾಕಿದ್ದರೆ ಹಾಗಂತ ಬರೀಲಿ. ತನ್ನ ನೆಂಟರ ಹೆಸರು ತುರುಕಿದ್ದರೆ ಅದನ್ನೂ ಬಿಡದೆ ಬರೀಲಿ, ಅವಳ ಹೆಸರು ಹಾಕಿಯೇ ಬರೀಲಿ.